ಗಾಳಿಗೆ ಗಡ್ಡ ಬೋಳಿಸಿದವನು

ಪಾರ್ಶ್ವವಾಯು ಬಡಿದ ಮೇಲೆ ಕ್ಷೌರಿಕನ ಬಲಗೈ ಕೊರಡಾಗಿತ್ತು. "ಕಣ್ಣು ಮುಚ್ಚಿ, ಕತ್ತಿ ಕೆನ್ನೆ ಮೇಲೆ ಜಾರೋದನ್ನ ನೆನೆಸ್ಕೊಳ್ಳಿ. ಉಸಿರಿನ ಜೊತೆ ನಿಧಾನವಾಗಿ ಕೈ ಆಡಿಸಿ," ಎಂದು ಫಿಸಿಯೋಥೆರಪಿಸ್ಟ್ ಕಲಿಸಿದ್ದಳು. ಕೈ ಮರಳದಿದ್ದರೆ ಅಂಗಡಿ ಅಳಿಯನ ಪಾಲು. ಅವನಾಗಲೇ ಫಲಕದ ಮೇಲೆ ತನ್ನ ಹೆಸರು ಬರೆಸಿಬಿಟ್ಟಿದ್ದ.

"ಏನ್ ಮಾವ, ಗಾಳಿಗೆ ಗಡ್ಡ ಬೋಳಿಸ್ತಿದ್ದೀರಾ?" ಎಂದು ಗಿರಾಕಿಗಳೆದುರು ದಿನವೂ ನಗುತ್ತಿದ್ದ. ಮೂಲೆಯ ಬೆಂಚಿನಲ್ಲಿ ಕುಳಿತ ಕ್ಷೌರಿಕನ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸಿಟ್ಟೇರಿದೊಡನೆ ಕೈ ನಡುಗುತ್ತಿತ್ತು. ಹಾಗಾಗಿ ಹಲ್ಲು ಕಚ್ಚಿ, ಉಸಿರೆಳೆದು, ಮತ್ತೆ ಗಾಳಿಯನ್ನೇ ಬೋಳಿಸುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಕತ್ತಿ ಅವನ ಬೆರಳುಗಳಲ್ಲಿ ಅಲುಗದೆ ನಿಂತಿತು.

"ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ. ಗಾಳಿದು ಮುಗೀತು, ಈಗ ನಿಮ್ಮ ಸರದಿ."

ಗಿರಾಕಿಗಳು ನಕ್ಕರು. ಅಳಿಯ ಬೆವರುತ್ತ ಕುಳಿತ. ಕತ್ತಿ ಒಂದು ಗೀರೂ ಮಾಡದೆ ಅವನ ಕುತ್ತಿಗೆಯ ಮೇಲೆ ಜಾರಿತು. ಕ್ಷೌರಿಕನ ಸಿಟ್ಟು ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ.