ಎರಡು ಸಲ ತಟ್ಟಿದ ಹಾರ್ಡ್‌ಡ್ರೈವ್

ನೇಕಾರರ ಊರಾದ ಸಿರುಮುಗೈಯ ನಮ್ಮ ಮನೆಯಲ್ಲಿ, ಮಟಮಟ ಮಧ್ಯಾಹ್ನ, ಕಂಪ್ಯೂಟರಿನೊಳಗಿಂದ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಅಡುಗೆಮನೆಯಲ್ಲಿದ್ದ ಅಮ್ಮ ಬಾಗಿಲಿಗೆ ಬಂದು ನಿಂತರು. ಹಾರ್ಡ್‌ಡ್ರೈವ್ ಪರದೆಯ ಮೇಲೆ ಕಾಣಿಸುತ್ತಲೇ ಇರಲಿಲ್ಲ. ಗಾಂಧಿಪುರಂ ಪೇಟೆಯಿಂದ ತಂದ ಹೊಸ ಕೇಬಲ್ ಹಾಕಿದರೂ ಬರೀ ಆ ಸದ್ದು. ತೀರಿಹೋದ ಅಪ್ಪ ಬಿಡಿಸಿದ್ದ ಸೀರೆಯಂಚಿನ ನಕ್ಷೆಗಳು ಇದ್ದದ್ದು ಅದೊಂದರಲ್ಲೇ.

"ಕಣ್ಣು, ನೂಲು ತೀರೋದ್ರೆ ನಿಮ್ಮಪ್ಪ ಇಂಗೇತಾನೇ ಎರಡು ಸಲ ಮಗ್ಗ ತಟ್ಟಿ ನನ್ನ ಕೂಗೋರು?" ಎಂದು ನನ್ನನ್ನು ಕೇಳಿದರು ಅಮ್ಮ.

ಒಳಗೆ ಹೋಗಿ, ನೂಲು ಸುತ್ತಿದ ಹಳೆಯ ಕಂಡಿಕೆಯೊಂದನ್ನು ತಂದು ಮೇಜಿನ ಬಲಗಡೆ ಇಟ್ಟರು. ಅಪ್ಪನಿಗೂ ಹಾಗೇ ಕೊಡುತ್ತಿದ್ದರು. ಸದ್ದು ನಿಂತಿತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಡ್ರೈವ್ ಕಾಣಿಸಿತು! ತಕ್ಷಣ ನಕ್ಷೆಗಳನ್ನೆಲ್ಲ ಬೇರೆ ಡ್ರೈವಿಗೆ ಇಳಿಸಿಕೊಂಡೆ. ಆಮೇಲೆ ಆ ಹಳೆಯ ಡ್ರೈವ್ ಮತ್ತೆಂದೂ ಕಾಣಿಸಲಿಲ್ಲ.

ಕೇಬಲ್ ಸಡಿಲವಾಗಿತ್ತೇನೋ. ಆದರೆ ನನ್ನ ಮೇಜು ಇರುವುದು ಅಪ್ಪನ ಗುಂಡಿಮಗ್ಗ ಇದ್ದ ಜಾಗದಲ್ಲಿ. ಅವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಗೆ ಸಿಮೆಂಟ್ ಹಾಕಿ ಮುಚ್ಚಿಸಿದವನು ನಾನೇ. ಈಗ ಅಲ್ಲಿ ಕೂತಾಗ ನಾನು ಕಾಲನ್ನು ನೆಲಕ್ಕೆ ತಾಗಿಸುವುದಿಲ್ಲ, ಕುರ್ಚಿಯ ಮೇಲೇ ಮಡಚಿಕೊಳ್ಳುತ್ತೇನೆ.