ತಂಗಿ ಹೊಡೆದುಹಾಕಿದ ಉತ್ತರ

ನಾನು ಓದಿದ್ದು ಏಳನೇ ಕ್ಲಾಸು. ಗುಂಡ್ಲುಪೇಟೆಯಲ್ಲಿ ಕಂಪ್ಯೂಟರುಗಳ ನಡುವೆ ಕೇಬಲ್ ಎಳೆಯುವ ಕೆಲಸ ಮಾಡುತ್ತಿದ್ದೆ. ಹಳೇ ಲೈನು ಸೆಕೆಂಡಿಗೆ ಹತ್ತು ಮೆಗಾಬಿಟ್, ಹೊಸದು ನೂರು. ನಾವು ಕೇಬಲ್‌ನವರು ಬರೀ ಹತ್ತು, ನೂರು ಅನ್ನುತ್ತಿದ್ದೆವು. ಏನು ಹತ್ತು ಅಂತ ಯಾರೂ ಕೇಳುತ್ತಿರಲಿಲ್ಲ.

ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ತಂಗಿಗೆ ಚಾಮರಾಜನಗರದ ಒಂದು ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸಕ್ಕೆ ಪರೀಕ್ಷೆಯಿತ್ತು. ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ನೋಟ್‌ಬುಕ್ ತೋರಿಸಿದಳು.

“ಅಣ್ಣಯ್ಯ, ನೂರು ಮೆಗಾಬೈಟ್ ಫೈಲು ಹಳೇ ಲೈನಲ್ಲಿ ಓಗಕ್ಕೆ ಎಷ್ಟೊತ್ತು?”

“ಹತ್ತು ಸೆಕೆಂಡು. ಹೊಸದ್ರಲ್ಲಿ ಒಂದು.”

“ಒಂದು ಬೈಟ್‌ಗೆ ಎಂಟು ಬಿಟ್ ಅಲ್ವಾ? ನಂಗೆ ಎಂಬತ್ತು, ಎಂಟು ಬತ್ತದೆ.”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ.

“ಕೇಬಲ್ ಎಳೆಯೋನು ನಾನಾ, ನೀನಾ? ಎಂಟು ಗಿಂಟು ಬುಡು ಕಣಮ್ಮಿ.”

“ಆಯ್ತು ಬುಡಪ್ಪ, ದೊಡ್ಡ ಇಂಜಿನಿಯರ್ರು!” ಅಂತ ನಕ್ಕು ತನ್ನ ಉತ್ತರ ಹೊಡೆದುಹಾಕಿದಳು.

ಪರೀಕ್ಷೆಯಲ್ಲಿ ಅಂಥವೇ ಮೂರು ಲೆಕ್ಕ ಬಂದಿದ್ದವು. ಮೂರನ್ನೂ ನಾನು ಹೇಳಿದಂತೆ ಮಾಡಿದಳು. ಕೆಲಸ ಸಿಗಲಿಲ್ಲ.

ಕೆಲವು ತಿಂಗಳ ನಂತರ ಒಂದು ಆಫೀಸಿನಲ್ಲಿ ಅಷ್ಟೇ ದೊಡ್ಡ ಫೈಲನ್ನು ಹಳೇ ಲೈನಿನಲ್ಲಿ ಕಳಿಸುತ್ತಿದ್ದರು. ಗೋಡೆಯ ಗಡಿಯಾರ ನೋಡುತ್ತ ನಿಂತೆ. ಎಂಬತ್ತು ಸೆಕೆಂಡು ದಾಟಿತು. ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತೆ. ಅವಳೇ ಬಡಿಸಿದಳು. ನಾನು ಹೇಳಲಿಲ್ಲ.

ಅವಳು ಮತ್ತೆ ಯಾವ ಪರೀಕ್ಷೆಗೂ ಕೂರಲಿಲ್ಲ. ತನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಅಂತ ಎಲ್ಲರಿಗೂ ಹೇಳುತ್ತಾಳೆ. ಈಗಲೂ ಕೂಡಿ ಕಳೆಯುವುದು ಏನಿದ್ದರೂ ನನ್ನ ಮುಂದೆ ತಂದಿಡುತ್ತಾಳೆ. ನಾನು ಮಾಡಿಕೊಡುತ್ತೇನೆ.