ಲೋಟದ ಇಡ್ಲಿ ಬೇಯುವಷ್ಟು ಹಾಡು

ಹಳೇ ಸಾಮಾನು ಕೊಳ್ಳುವವರಿಗೆ ನಾನು ಹೇಳುವ ಮಾತು ಒಂದೇ: ಬೇಕಾದದ್ದನ್ನು ಮೊದಲು ಮುಟ್ಟಬೇಡಿ, ಅದರ ಪಕ್ಕದ್ದನ್ನು ಮುಟ್ಟಿ; ಆಸೆ ಕಂಡರೆ ದರ ಏರುತ್ತದೆ. ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿದ್ದ, ರೆಕಾರ್ಡು ಹಾಡಿಸುವ ಟರ್ನ್‌ಟೇಬಲ್ಲು, ಆಂಪ್ಲಿಫೈಯರು, ಸೊಂಟದೆತ್ತರದ ಎರಡು ಸ್ಪೀಕರು, ಸೂಜಿಯ ಸಣ್ಣ ಸದ್ದನ್ನು ದೊಡ್ಡದು ಮಾಡುವ ಇನ್ನೊಂದು ಡಬ್ಬಿ, ಎಲ್ಲವೂ ಹೀಗೆ ಪಕ್ಕದ್ದನ್ನು ಮುಟ್ಟಿಯೇ ಬಂದವು. ಕರೋಲ್‌ಬಾಗಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಾ ದೆಹಲಿಯ ಬದುಕು ಶುರು ಮಾಡಿದವನು ನಾನು. ಸ್ವಂತ ಹೋಟೆಲು ಹಾಕಿದ ಮೇಲೆ, ವರ್ಗವಾಗಿ ಹೊರಟ ಅಧಿಕಾರಿಗಳ ಮನೆಗಳಿಂದ ಇವನ್ನೆಲ್ಲ ಚೌಕಾಸಿ ಮಾಡಿ ತಂದೆ. ತಂದವನು ನಾನು, ಹಾಡು ಕೇಳುವವಳು ನನ್ನ ಹೆಂಡತಿ. ನಮ್ಮ ಕರಾವಳಿ ಕಡೆ ಇಡ್ಲಿ ಹಿಟ್ಟನ್ನು ಉದ್ದನೆಯ ಸ್ಟೀಲ್ ಲೋಟಕ್ಕೆ ಹೊಯ್ದು ಬೇಯಿಸುವುದುಂಟು, ಅದಕ್ಕೆ ಹೊತ್ತು ಜಾಸ್ತಿ ಬೇಕು. ಲೋಟಗಳನ್ನು ಹಬೆಗಿಟ್ಟು, ಕೈ ಒರೆಸಿಕೊಂಡು ಬಂದು, ಒಂದು ರೆಕಾರ್ಡು ಹಾಕಿ ಬಾಲ್ಕನಿಯಲ್ಲಿ ಸೊಪ್ಪು ಬಿಡಿಸಲು ಕೂರುವುದು ಅವಳ ಬೆಳಗಿನ ಕ್ರಮ.

ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಅವಳ ಬಲಗೈ ನಡುಗತೊಡಗಿತು. ಸೂಜಿ ಇಳಿಸುವಾಗ ಕೈ ಜಾರಿ, ತವರಿನಿಂದ ತಂದ ವೀಣೆಯ ರೆಕಾರ್ಡಿನ ಮೇಲೆ ಉದ್ದಕ್ಕೆ ಗೀರು ಬಿತ್ತು. ಅಂದಿನಿಂದ ಟರ್ನ್‌ಟೇಬಲ್ಲಿನ ಮುಚ್ಚಳ ಒರೆಸುವಳು, ತೆರೆಯಳು.

“ನಾನು ಹಾಕಿ ಕೊಡ್ತೇನೆ ಮಾರಾಯ್ತಿ, ಒಂದು ಕರೆ ಕರಿ ಸಾಕು,” ಎಂದೆ.

“ಹಾಡಿಗೂ ನಿಮ್ಮನ್ನು ಕರೆಯಬೇಕಾ? ಬೇಡ ಬಿಡಿ. ಕೇಳದಿದ್ದರೆ ಎಂತ ಆಗ್ತದೆ?”

ಹಾಲಿನಲ್ಲಿ ಕೂತರೆ ಅಡುಗೆಮನೆಯ ಫ್ರಿಜ್ಜು ಗುರುಗುಡುವುದು ಕೇಳುತ್ತಿತ್ತು, ಅದೇ ಆದದ್ದು. ಯಾರನ್ನೂ ಕರೆಯದೆ, ತನ್ನ ಕೈಯಿಂದಲೇ ಅವಳು ಹಾಡು ಹಾಕಿಕೊಳ್ಳುವಂತಾಗಬೇಕು ಎಂದು ನಿಶ್ಚಯಿಸಿದೆ.

ಇಲ್ಲೇ ಹುಟ್ಟಿ ಬೆಳೆದ ಮಗಳು ದಾರಿ ತೋರಿಸಿದಳು. “ಅಪ್ಪ, ಯೇ ಸಬ್ ಹಟಾವೋ, ಇದೆಲ್ಲ ತೆಗೆದ್ಬಿಡಿ. ಒಂದು ಚಿಕ್ಕ ಡಿಜಿಟಲ್ ಬಾಕ್ಸ್ ಸಾಕು. ಬಟನ್ ಒತ್ತಿದ್ರೆ ಮಮ್ಮಿಯ ಗಾನಾ ಬರತ್ತೆ, ಬಸ್.”

ಕೆಂಪುಕೋಟೆಯ ಎದುರಿನ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋದೆ. ಇಂಥದ್ದನ್ನು ಕೊಳ್ಳುವಾಗ ಡಬ್ಬಿಯ ಮುಖದ ಮೇಲಿನ ದೀಪಗಳಿಗೆ ಮರುಳಾಗಬೇಡಿ, ಗುಂಡಿಗಳನ್ನು ನೋಡಿ. ನಾನು ಚಳಿಗೆ ಹಾಕಿದ್ದ ಉಣ್ಣೆಯ ಗ್ಲೌಸು ಬಿಚ್ಚದೆಯೇ ಒಂದೊಂದನ್ನೂ ಒತ್ತಿ ನೋಡಿದೆ. ಗ್ಲೌಸಿನ ಬೆರಳಿಗೆ ಸಿಕ್ಕುವ ಗುಂಡಿ ನಡುಗುವ ಬೆರಳಿಗೂ ಸಿಗುತ್ತದೆ. ಆಂಪ್ಲಿಫೈಯರು, ಪ್ಲೇಯರು ಎರಡೂ ಒಂದೇ ಡಬ್ಬಿಯೊಳಗಿದ್ದು, ಪೆನ್‌ಡ್ರೈವ್ ಚುಚ್ಚಿದರೆ ಹಾಡುವಂಥದ್ದು ಸಿಕ್ಕಿತು. ಜೊತೆಗೆ ಪುಸ್ತಕದ ಕಪಾಟಿನಲ್ಲಿ ಕೂರುವ ಎರಡು ಸ್ಪೀಕರು. ರೆಕಾರ್ಡುಗಳನ್ನು ಕಂಪ್ಯೂಟರಿಗೆ ತುಂಬಿಸಿಕೊಡುವ ಕೆಲಸವನ್ನೂ ಆ ಅಂಗಡಿಯವನಿಗೇ ಒಪ್ಪಿಸಿದೆ.

“ಅಂಕಲ್‌ಜೀ, ಹಳೇ ರೆಕಾರ್ಡು, ಕಟಪಟ ಸದ್ದು ಇರತ್ತೆ. ಸಾಫ್ ಮಾಡಿಕೊಡಲಾ?”

“ಪೂರ್ತಿ ಸಾಫ್ ಮಾಡು. ರೆಕಾರ್ಡುಗಳ ಎಲ್ಲಾ ಬದಿಗಳನ್ನೂ ಸಾಲಾಗಿ ಜೋಡಿಸು. ಅವಳು ಮತ್ತೆ ಮತ್ತೆ ಏಳಬಾರದು. ಎಲ್ಲಾ ಸೇರಿ ಅದೇ ದರ.”

ಅವನು ಒಪ್ಪಿದ. ಕೆಲಸ ಮುಗಿದ ದಿನ ಪೆನ್‌ಡ್ರೈವನ್ನು ಜೇಬಿನಲ್ಲಿ ತಡವಿಕೊಳ್ಳುತ್ತಾ ಮೆಟ್ರೋದಲ್ಲಿ ಬೀಗುತ್ತಾ ಬಂದೆ.

ಮರುದಿನ ಬೆಳಿಗ್ಗೆ ಅವಳು ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ವೀಣೆ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಸೊಪ್ಪಿನ ಬುಟ್ಟಿ ಹಿಡಿದು ಬಾಲ್ಕನಿಗೆ ಹೋದಳು. ನಾನು ಸ್ನಾನ ಮುಗಿಸಿ ಬರುವಾಗ ಮನೆಯೆಲ್ಲ ಸೀದ ವಾಸನೆ. ಪಾತ್ರೆಯ ನೀರು ಬತ್ತಿ ತಳ ಕಪ್ಪಾಗಿತ್ತು, ಲೋಟದೊಳಗಿನ ಇಡ್ಲಿ ಬಿರುಕು ಬಿಟ್ಟಿತ್ತು. ವೀಣೆ ಇನ್ನೂ ಹಾಡುತ್ತಲೇ ಇತ್ತು. ಮಸಿಬಟ್ಟೆ ಹಿಡಿದು ನಿಂತವಳು, “ಕೈ ಹೋಯ್ತು ಅಂತಿದ್ದೆ. ಈಗ ತಲೆಯೂ ಹೋಯ್ತಾ ಮಾರಾಯ್ರೆ?” ಎಂದಳು.

ಫೋನಿನಲ್ಲಿ ವಿಷಯ ಕೇಳಿದ ಮಗಳು ಗಾಬರಿಯಾದಳು. “ಕುಕ್ ಇಡೋಣ ಅಪ್ಪ. ಮಮ್ಮಿ ಇನ್ನು ಗ್ಯಾಸ್ ಮುಟ್ಟೋದು ಬೇಡ.” ಫೋನನ್ನು ಸ್ಪೀಕರಿನಲ್ಲಿ ಹಾಕಿದ್ದೆ, ಹೆಂಡತಿಗೂ ಕೇಳಿತು. ಅವಳು ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು.

ಹಿಂದೆಯೇ ಹೋಗಿ ಕೇಳಿದೆ, “ಯಾಕೆ ಎದ್ದು ಬರಲಿಲ್ಲ?”

“ಹಾಡು ಮುಗಿಯಲಿಲ್ಲ.”

“ಹಾಡಿಗೂ ಇಡ್ಲಿಗೂ ಎಂತ ಸಂಬಂಧ?”

ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಹೋಟೆಲಿನವರಲ್ವಾ ನೀವು? ರೆಕಾರ್ಡಿನ ಒಂದು ಬದಿ ಮುಗಿದರೆ ಲೋಟದ ಇಡ್ಲಿ ಬೆಂದ ಹಾಗೆ. ಕೊನೆಗೆ ಸೂಜಿ ಟಕ್, ಟಕ್ ಅಂತ ಕರೀತಾ ಇರ್ತದಲ್ಲ, ಆಗ ಎದ್ದು ಬರ್ತೇನೆ.”

“ಗಡಿಯಾರ ಇಲ್ವಾ ಮನೆಯಲ್ಲಿ?”

“ಗಡಿಯಾರ ನೋಡ್ಲಿಕ್ಕೆ ನಾನು ಒಳಗೆ ಬರಬೇಕು. ಟಕ್‌ಟಕ್ ಬಾಲ್ಕನಿಗೇ ಬರ್ತದೆ.”

ಅವಳ ತಲೆ ನೆಟ್ಟಗೇ ಇತ್ತು. ಅವಳನ್ನು ಕರೆಯುತ್ತಿದ್ದ ಸದ್ದನ್ನೇ ನಾನು ಸಾಫ್ ಮಾಡಿಸಿ ತಂದಿದ್ದೆ.

ಮತ್ತೆ ಅದೇ ಗಲ್ಲಿ. ಅಂಗಡಿಯವನು ನಕ್ಕ. “ಅಂಕಲ್‌ಜೀ, ಜನ ಟಕ್‌ಟಕ್ ತೆಗೆಸೋಕೆ ಬರ್ತಾರೆ, ನೀವು ಹಾಕಿಸೋಕೆ ಬಂದಿದ್ದೀರಿ.”

“ಹಾಕೋದಲ್ಲ ಭಯ್ಯಾ, ಇದ್ದದ್ದನ್ನು ಬಿಡೋದು. ಕೆಲಸ ಕಡಿಮೆ. ದರವೂ ಕಡಿಮೆ ಆಗಬೇಕು.”

ಸಾಫ್ ಮಾಡುವ ಮುಂಚಿನದ್ದು ಪುಣ್ಯಕ್ಕೆ ಅವನ ಕಂಪ್ಯೂಟರಿನಲ್ಲಿ ಹಾಗೇ ಉಳಿದಿತ್ತು. “ಅಚ್ಛಾ, ಒಂದು ಬದಿಗೆ ಒಂದು ಗುಂಡಿ. ಕೊನೆಯಲ್ಲಿ ಟಕ್‌ಟಕ್ ಎಷ್ಟು ಹೊತ್ತು ಇರಲಿ?”

“ಅವಳು ಎದ್ದು ಬಂದು ನಿಲ್ಲಿಸುವ ತನಕ.”

ಯಾಕೆಂದು ವಿವರಿಸಿದೆ. ಅವನು ನಗು ನಿಲ್ಲಿಸಿ, ದರದ ಮಾತೆತ್ತದೆ ಕಂಪ್ಯೂಟರಿನ ಕಡೆ ತಿರುಗಿದ. ಇಂಥ ಹೊತ್ತಿನಲ್ಲಿ ಕೊಳ್ಳುವವರು ಬಾಯಿ ಮುಚ್ಚಿಕೊಂಡಿರಬೇಕು. ನಾನೂ ಇದ್ದೆ.

ದೊಡ್ಡ ಸ್ಪೀಕರು, ಆಂಪ್ಲಿಫೈಯರುಗಳನ್ನು ಆಮೇಲೆ ಮಾರಿದೆ. ಹೊಸದು ಮನೆಗೆ ಒಗ್ಗುವ ತನಕ ಹಳೆಯದನ್ನು ಮಾರಬೇಡಿ, ಇದೂ ನನ್ನ ಸಲಹೆ. ಟರ್ನ್‌ಟೇಬಲ್ಲು ಮಾತ್ರ ಇದ್ದಲ್ಲೇ ಇದೆ. ಅದರ ಮುಚ್ಚಳ ಒರೆಸುವುದನ್ನು ಅವಳು ಬಿಟ್ಟಿಲ್ಲ.

ಟಕ್‌ಟಕ್ ಮನೆಗೆ ಮರಳಿದ ವಾರದ ಭಾನುವಾರ ಮಗಳು ಬಂದಿದ್ದಳು. ಅವಳ ಕಣ್ಣು ಅಡುಗೆಮನೆಯ ಮೇಲೇ ಇತ್ತು. ಹೆಂಡತಿ ಲೋಟಗಳನ್ನು ಹಬೆಗಿಟ್ಟು, ಬಂದು ಗುಂಡಿ ಒತ್ತಿ, ಬಾಲ್ಕನಿಯಲ್ಲಿ ಕೂತಳು. ಗೀರು ಬಿದ್ದ ಕಡೆ ವೀಣೆ ಕುಂಟಿತು. ಅವಳು ಸೊಪ್ಪಿನಿಂದ ತಲೆ ಎತ್ತಿ, “ಇದು ನಾನು ಬಾರಿಸಿದ್ದು,” ಎಂದು ನಕ್ಕಳು.

ವೀಣೆ ಮುಗಿಯಿತು. ಟಕ್, ಟಕ್. ನಾನೂ ಮಗಳೂ ಒಟ್ಟಿಗೇ ಕುರ್ಚಿಯಿಂದ ಅರ್ಧ ಎದ್ದೆವು.

“ಕೂತ್ಕೊಳ್ಳಿ ಇಬ್ಬರೂ,” ಎಂದಳು, ಮಡಿಲಿನ ಸೊಪ್ಪಿನ ಕಡ್ಡಿ ಕೊಡವುತ್ತಾ. “ಅದು ಕರೀತಾ ಇರೋದು ನನ್ನನ್ನು.”

ಕೂತೆವು. ಒಳಗೆ ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಅವಳು ಹಾಲಿಗೆ ಬಂದು, ನಿಧಾನವಾಗಿ, ಟಕ್‌ಟಕ್ ನಿಲ್ಲಿಸಿದಳು.